ಚಿನ್ನಮಲೈಯ ದುಂಡು ಚರ್ಚು ಮತ್ತು ಅದರ ಓರಗೆಯವರು

1971ರಲ್ಲಿ ಜಗತ್ತಿನ ಎರಡು ಕಡೆ ಎರಡು ವಿಚಿತ್ರ ಚರ್ಚುಗಳು ಕಟ್ಟಿ ಮುಗಿದವು. ಒಂದು ವಾಷಿಂಗ್ಟನ್ ನಗರದ ನಡುಮಧ್ಯೆ, ಶ್ವೇತಭವನಕ್ಕೆ ಕೂಗಳತೆಯಲ್ಲಿ. ಎಂಟು ಮೂಲೆಯ, ಹೊರಗಿನಿಂದ ನೋಡಿದರೆ ಕಿಟಕಿಯೇ ಇಲ್ಲವೇನೋ ಎನ್ನಿಸುವ, ಬಣ್ಣ ಕಾಣದ ಬರಿ ಕಾಂಕ್ರೀಟಿನ ಕಟ್ಟಡ ಅದು. ಇನ್ನೊಂದು ಮದ್ರಾಸಿನ ಗಿಂಡಿಯ ಅಂಚಿನಲ್ಲಿ, ಅಡ್ಯಾರ್ ಹೊಳೆಯ ದಕ್ಷಿಣಕ್ಕಿರುವ ಪುಟ್ಟ ಕಲ್ಲುಗುಡ್ಡದ ಮೇಲೆ. ಅದು ಚಿನ್ನಮಲೈಯ ಆರೋಗ್ಯಮಾತೆಯ ದೇವಾಲಯ. ಮೂಲೆಯೇ ಇಲ್ಲದ ದುಂಡು ಕಟ್ಟಡ.

ವಾಷಿಂಗ್ಟನ್ನಿನದನ್ನು 2014ರಲ್ಲಿ ಕೆಡವಿ ಹಾಕಿದರು. ಗಿಂಡಿಯದು ನಿಂತಿದೆ, ಅರ್ಧ ಶತಮಾನ ದಾಟಿಯೂ ಅದರ ಅಂಗಳದಲ್ಲಿ ಮೇಣದಬತ್ತಿ ಮಾರುವವರಿಗೆ ಕೆಲಸ ಕಡಿಮೆಯಾಗಿಲ್ಲ. ಒಂದೇ ವಯಸ್ಸಿನ, ಒಂದೇ ಕಾಲದ ಹುರುಪಿನಿಂದ ಹುಟ್ಟಿದ ಎರಡು ಕಟ್ಟಡಗಳಿಗೆ ಇಷ್ಟು ಬೇರೆ ಬೇರೆ ಗತಿ ಏಕೆ ಬಂತು? ಕಾಂಕ್ರೀಟಿನ ಗುಣದಿಂದಲೋ ವಾಸ್ತುಶಿಲ್ಪಿಯ ಕೈಚಳಕದಿಂದಲೋ ಇದಕ್ಕೆ ಉತ್ತರ ಸಿಕ್ಕುವುದಿಲ್ಲ. ಉತ್ತರ ಬೇಕೆಂದರೆ ಗುಡ್ಡದ ಕಥೆಯನ್ನು ಮೊದಲಿನಿಂದ ಹೇಳಬೇಕು.

ಗುಡ್ಡ ಎಂದರೆ ಯಾರೂ ದೊಡ್ಡದಾಗಿ ಕಲ್ಪಿಸಿಕೊಳ್ಳಬಾರದು. ಸೈದಾಪೇಟೆಯ ಸೇತುವೆ ದಾಟಿ ಗಿಂಡಿಯತ್ತ ಬರುವ ಬಸ್ಸಿನಲ್ಲಿ ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಪುಟ್ಟ ಬಂಡೆಯ ಏರು. ಆದರೆ ಕ್ರೈಸ್ತರ ನೆನಪಿನಲ್ಲಿ ಅದಕ್ಕೆ ದೊಡ್ಡ ಜಾಗವಿದೆ. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬರಾದ ಸಂತ ತೋಮಸರು ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದರು, ಅಲ್ಲಿಂದ ಮೈಲಾಪುರಕ್ಕೆ ಬಂದು ಬೋಧಿಸಿದರು, 72ರಲ್ಲಿ ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ದೊಡ್ಡ ಬೆಟ್ಟದ ಮೇಲೆ ಕೊಲೆಯಾದರು ಎಂಬುದು ಪರಂಪರೆಯ ಮಾತು. ಅದಕ್ಕೂ ಮುಂಚೆ ಅವರು ಅಡಗಿದ್ದ ಗವಿ ಚಿನ್ನಮಲೈಯದು. ಗವಿಯೊಳಗಿನ ಕಿಂಡಿಯ ಮೂಲಕ ತಪ್ಪಿಸಿಕೊಂಡು ಅವರು ದೊಡ್ಡ ಬೆಟ್ಟಕ್ಕೆ ಹೋದರೆಂದು ಹೇಳುತ್ತಾರೆ. ಬಂಡೆಯ ಮೇಲಿನ ಅಚ್ಚುಗಳನ್ನು ಅವರ ಕೈ ಮತ್ತು ಪಾದದ ಗುರುತೆಂದು ತೋರಿಸುತ್ತಾರೆ. ಅವರ ಪ್ರಾರ್ಥನೆಗೆ ಚಿಮ್ಮಿತೆನ್ನುವ ಒರತೆಯೊಂದೂ ಇದೆ. ಚರಿತ್ರೆಕಾರರು ಇದನ್ನು ಒಪ್ಪುವುದೂ ಇಲ್ಲ, ಸುಳ್ಳೆಂದು ಸಾಧಿಸುವುದೂ ಇಲ್ಲ. 13ನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಈ ಕರಾವಳಿಯಲ್ಲಿ ತೋಮಸರ ಸಮಾಧಿ ಇದೆಯೆಂದೂ ಅಲ್ಲಿಗೆ ಯಾತ್ರಿಕರು ಬರುತ್ತಾರೆಂದೂ ಬರೆದಿಟ್ಟಿದ್ದಾನೆ. ಪೋರ್ಚುಗೀಸರು ಬರುವ ಮೊದಲೇ ಜನ ಬರುತ್ತಿದ್ದರು ಎಂಬಷ್ಟು ಖಾತ್ರಿ.

ಪೋರ್ಚುಗೀಸರು ಬಂದ ಮೇಲೆ ನೆನಪಿಗೆ ಗೋಡೆ ಕಟ್ಟುವ ಕೆಲಸ ಶುರುವಾಯಿತು. 1551ರಲ್ಲಿ ಚಿನ್ನಮಲೈಯ ಗವಿಗೆ ತಾಗಿದಂತೆ ಅವರು ಚರ್ಚು ಕಟ್ಟಿಸಿದರು. ಫ್ರಾನ್ಸಿಸ್ ಡೇ ಎಂಬ ಇಂಗ್ಲಿಷರವನು ಮದ್ರಾಸಿನ ಮರಳ ದಂಡೆಯ ತುಂಡೊಂದನ್ನು ಗುತ್ತಿಗೆಗೆ ಪಡೆದದ್ದು 1639ರಲ್ಲಿ. ಅಂದರೆ ಊರಿಗಿಂತ ಚರ್ಚು ಹಳೆಯದು. ಮದ್ರಾಸಿನ ಹುಟ್ಟುಹಬ್ಬವನ್ನು ಪ್ರತಿ ಆಗಸ್ಟಿನಲ್ಲಿ ಆಚರಿಸುವವರು ಇದನ್ನು ಒಂದಿಷ್ಟು ಗಮನಿಸಬೇಕು.

ಆ ಗುಡ್ಡಕ್ಕೂ ಊರಿಗೂ ನಡುವೆ ಹೊಳೆ ಇತ್ತು. ಮಳೆಗಾಲದಲ್ಲಿ ಯಾತ್ರೆ ಎಂದರೆ ಪಾಡು. ಆ ಪಾಡನ್ನು ತಪ್ಪಿಸಿದವನು ಪಾದ್ರಿಯೂ ಅಲ್ಲ, ಗವರ್ನರನೂ ಅಲ್ಲ. ಇರಾನಿನ ಜುಲ್ಫಾದ ಆರ್ಮೇನಿಯನ್ ವರ್ತಕ ಖೋಜಾ ಪೆಟ್ರುಸ್ ಉಸ್ಕಾನ್. ಮನಿಲಾ ವ್ಯಾಪಾರದಲ್ಲಿ ಕೈತುಂಬ ಗಳಿಸಿ ಮದ್ರಾಸಿನಲ್ಲಿ ನೆಲೆಸಿದ ಈತ 1726ರಲ್ಲಿ ಅಡ್ಯಾರ್ ಹೊಳೆಗೆ ಸ್ವಂತ ಖರ್ಚಿನಲ್ಲಿ ಸೇತುವೆ ಕಟ್ಟಿಸಿದ. ಮಾರ್ಮಲಾಂಗ್ ಸೇತುವೆ ಎಂದು ಹೆಸರಾದದ್ದು ಅದೇ. ದೊಡ್ಡ ಬೆಟ್ಟದ ಮೆಟ್ಟಿಲುಗಳೂ ಅವನದೇ ಧರ್ಮ. ಸೇತುವೆಗೆ ಖರ್ಚಾದದ್ದು 30,000 ಪಗೋಡ ಎನ್ನುತ್ತಾರೆ. ಈ ಲೇಖನದ ಮಟ್ಟಿಗೆ ಅದಕ್ಕಿಂತ ಮುಖ್ಯವಾದ ಮೊತ್ತ ಇನ್ನೊಂದು: ಸೇತುವೆಯ ದುರಸ್ತಿಗೆಂದೇ ಅವನು ಬೇರೆಯಾಗಿ ಇಟ್ಟ 1,500 ಪಗೋಡ. ಕಟ್ಟಿಸುವ ಧಣಿಗಳು ಈ ನೆಲದಲ್ಲಿ ಎಂದೂ ಕಡಿಮೆಯಾಗಿಲ್ಲ. ಮುಂದಿನ ನೂರು ವರ್ಷದ ಸುಣ್ಣಗಾರೆಗೆ ದುಡ್ಡಿಟ್ಟು ಹೋದವರು ವಿರಳ. ಉಸ್ಕಾನ್ 1751ರಲ್ಲಿ ತೀರಿಕೊಂಡ. ಅವನ ಇಚ್ಛೆಯಂತೆ ಹೃದಯವನ್ನು ಮಾತ್ರ ಜುಲ್ಫಾಕ್ಕೆ ಒಯ್ದರಂತೆ.

ಆ ಸೇತುವೆ ಇಂದು ಇಲ್ಲ. ದುರಸ್ತಿಯ ದುಡ್ಡು ಮುಗಿದದ್ದಕ್ಕಲ್ಲ. ಇಕ್ಕೆಲದ ಊರು ಬೆಳೆದು, ಲಾರಿ ಬಸ್ಸುಗಳ ಭಾರಕ್ಕೆ ಹಳೆಯ ಕಮಾನುಗಳು ಸಾಲದಾದವು. 1960ರ ದಶಕದಲ್ಲಿ ಅದರ ಜಾಗದಲ್ಲಿ ಈಗಿನ ಮರೈಮಲೈ ಅಡಿಗಳ್ ಸೇತುವೆ ಬಂತು. ಉಸ್ಕಾನನ ಶಾಸನದ ಕಲ್ಲೊಂದು ರಸ್ತೆಯ ಬದಿಯಲ್ಲಿ ಉಳಿದುಕೊಂಡಿದೆ.

ಗಿಂಡಿಯ ಸುತ್ತ ಹೊಸದೆಲ್ಲ ತಲೆ ಎತ್ತಿದ್ದೂ ಅದೇ ಎರಡು ದಶಕಗಳಲ್ಲಿ. 1958ರಲ್ಲಿ ಕೈಗಾರಿಕಾ ವಸಾಹತು ಬಂತು. 1959ರಲ್ಲಿ ರಾಜಭವನದ ಕಾಡಿನ ಒಂದು ಪಾಲನ್ನು ಬಿಡಿಸಿಕೊಂಡು, ಪಶ್ಚಿಮ ಜರ್ಮನಿಯ ನೆರವಿನಿಂದ ಐಐಟಿ ಶುರುವಾಯಿತು. 1794ರಲ್ಲಿ ಸರ್ವೆ ಶಾಲೆಯಾಗಿ ಹುಟ್ಟಿ 1920ರಿಂದ ಗಿಂಡಿಯಲ್ಲಿರುವ ಇಂಜಿನಿಯರಿಂಗ್ ಕಾಲೇಜಿನ ಮಗ್ಗುಲಲ್ಲೇ ವಾಸ್ತುಶಿಲ್ಪದ ಪಾಠವೂ 1957ರಿಂದ ನಡೆಯತೊಡಗಿತು. ಎತ್ತ ನೋಡಿದರೂ ಕಾಂಕ್ರೀಟು, ಚಪ್ಪಟೆ ತಾರಸಿ, ಬಿಸಿಲುತಡೆಯ ಜಾಲಿ. ಇಷ್ಟರ ನಡುವೆ 1956ರ ಗಾಂಧಿ ಮಂಟಪ ಮಾತ್ರ ತಮಿಳು ದೇವಸ್ಥಾನದ ಶೈಲಿಯಲ್ಲಿದೆ. ಗಾಂಧಿಯನ್ನು ನೆನೆಯಲು ಸರ್ಕಾರ ಹಳೆಯ ಗುಡಿಯ ಕಂಬಗಳನ್ನು ಆರಿಸಿಕೊಂಡಿತು. ಹದಿನೈದು ವರ್ಷದ ಬಳಿಕ, ಅಲ್ಲೇ ಆಚೆಗೆ, ಹತ್ತೊಂಬತ್ತು ಶತಮಾನ ಹಿಂದಿನ ಸಂತನನ್ನು ನೆನೆಯಲು ಚರ್ಚು ಆಧುನಿಕ ವೃತ್ತವನ್ನು ಆರಿಸಿಕೊಂಡಿತು. ಯಾರು ಸಂಪ್ರದಾಯಸ್ಥರು, ಯಾರು ಹೊಸಬರು ಎಂದು ಗಿಂಡಿಯಲ್ಲಿ ನಿಂತು ಹೇಳುವುದು ಕಷ್ಟ.

ಚರ್ಚಿಗೆ ಈ ಧೈರ್ಯ ಬಂದದ್ದು ರೋಮಿನಿಂದ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಕಥೋಲಿಕರ ಆರಾಧನೆಯನ್ನು ಬುಡಸಮೇತ ತಿರುಗಿಸಿತು. ಆರಾಧನಾ ವಿಧಿಯ ಕುರಿತ ಅದರ ದಾಖಲೆ 1963ರ ಡಿಸೆಂಬರ್ 4ರಂದು 2,147 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದದ್ದು ನಾಲ್ಕೇ ಮತ. ಅಲ್ಲಿಯವರೆಗೆ ಗುರುಗಳು ಜನರಿಗೆ ಬೆನ್ನುಕೊಟ್ಟು, ಗೋಡೆಗೆ ತಾಗಿದ ಬಲಿಪೀಠದತ್ತ ಮುಖಮಾಡಿ, ಲತೀನಿನಲ್ಲಿ ಬಲಿಪೂಜೆ ಅರ್ಪಿಸುತ್ತಿದ್ದರು. ಜನ ಹಿಂದೆ ಉದ್ದ ಸಾಲುಗಳಲ್ಲಿ ಮೊಣಕಾಲೂರಿ ಜಪಮಾಲೆ ಎಣಿಸುತ್ತಿದ್ದರು. ಮಹಾಸಭೆಯ ಬಳಿಕ ಬಲಿಪೀಠ ಗೋಡೆ ಬಿಟ್ಟು ಮುಂದೆ ಬಂತು, ಗುರುಗಳು ಜನರತ್ತ ತಿರುಗಿದರು, ಪೂಜೆ ಜನರ ನುಡಿಯಲ್ಲಿ ನಡೆಯತೊಡಗಿತು. (ಯಾವ ಜನರ ಯಾವ ನುಡಿ ಎಂಬ ಜಗಳ ಬೆಂಗಳೂರಿನ ಚರ್ಚುಗಳಲ್ಲಿ ಎಷ್ಟು ದಶಕ ನಡೆಯಿತೆಂಬುದು ಕನ್ನಡ ಓದುಗರಿಗೆ ಗೊತ್ತೇ ಇದೆ.)

ಆರಾಧನೆ ತಿರುಗಿದ ಮೇಲೆ ಕಟ್ಟಡವೂ ತಿರುಗಲೇಬೇಕಿತ್ತು. ಉದ್ದನೆಯ ಗೋಥಿಕ್ ಚರ್ಚಿನಲ್ಲಿ ಕೊನೆಯ ಬೆಂಚಿನವನಿಗೆ ಬಲಿಪೀಠ ಒಂದು ಚುಕ್ಕೆ. ಎಲ್ಲರೂ ಪಾಲುಗೊಳ್ಳಬೇಕೆಂದರೆ ಎಲ್ಲರಿಗೂ ಕಾಣಬೇಕು, ಕಾಣಬೇಕೆಂದರೆ ಸುತ್ತುವರಿದು ಕೂರಬೇಕು. ಸುತ್ತುವರಿದು ಕೂತವರ ಮೇಲೆ ಚಾವಣಿ ಹೊದಿಸಿದರೆ ಅದು ತಾನಾಗಿಯೇ ದುಂಡಗಾಗುತ್ತದೆ. ನಡುವೆ ಕಂಬ ಬಾರದಂತೆ ಅಷ್ಟಗಲ ಹೊದಿಸಲು ಕಾಂಕ್ರೀಟು ಸಿದ್ಧವಾಗಿ ನಿಂತಿತ್ತು. ಹೀಗೆ 1960ರ ದಶಕದಲ್ಲಿ ದುಂಡು, ಬೀಸಣಿಗೆ, ಎಂಟುಮೂಲೆಯ ಚರ್ಚುಗಳು ಲೋಕದ ತುಂಬ ಎದ್ದವು.

ಮದ್ರಾಸಿಗೆ ಮಾತ್ರ ದುಂಡು ಚರ್ಚು ಹೊಸದಲ್ಲ. ಎಗ್ಮೋರಿನಲ್ಲಿ ಸ್ಕಾಟ್ಲೆಂಡಿನವರಿಗಾಗಿ ಕಟ್ಟಿದ ಸೇಂಟ್ ಆಂಡ್ರೂಸ್ ಚರ್ಚು 1821ರಲ್ಲೇ ಗುಮ್ಮಟದ ಕೆಳಗಿನ ವೃತ್ತವಾಗಿತ್ತು. ಮೆತ್ತನೆಯ ನೆಲದಲ್ಲಿ ಬಾವಿಗಳನ್ನು ತೋಡಿ ಅದಕ್ಕೆ ಅಡಿಪಾಯ ಹಾಕಿದ ಮೇಜರ್ ಥಾಮಸ್ ಡಿ ಹ್ಯಾವಿಲೆಂಡ್ ನಮ್ಮವನೂ ಹೌದು. ಕಾವೇರಿಗೆ ಇಟ್ಟಿಗೆಯ ಕಮಾನುಸೇತುವೆ ಕಟ್ಟಬಹುದೆಂದು ತೋರಿಸಲು ಶ್ರೀರಂಗಪಟ್ಟಣದಲ್ಲಿ 1808ರ ಸುಮಾರಿಗೆ ನೂರಡಿಗೂ ಮಿಕ್ಕ ಅಗಲದ ಕಮಾನೊಂದನ್ನು ಮಾದರಿಯಾಗಿ ಎಬ್ಬಿಸಿದವನು ಅವನೇ. ನಂಬದ ಮೇಲಧಿಕಾರಿಗಳು ಸೇತುವೆಗೆ ಒಪ್ಪಿಗೆ ಕೊಡಲಿಲ್ಲ. ಕಮಾನು ಮಾತ್ರ ಯಾವ ಕೆಲಸಕ್ಕೂ ಇಲ್ಲದೆ ನೂರಕ್ಕೂ ಹೆಚ್ಚು ವರ್ಷ ನಿಂತಿದ್ದು, ಕಳೆದ ಶತಮಾನದಲ್ಲಿ ಉರುಳಿತು. ಎಗ್ಮೋರಿನ ಗುಮ್ಮಟದ ಕೆಳಗೆ ಇಂದಿಗೂ ಭಾನುವಾರದ ಆರಾಧನೆ ನಡೆಯುತ್ತದೆ.

ಚಿನ್ನಮಲೈಗೆ ಹೊಸ ಕಟ್ಟಡ ಬೇಕಾದ ಸಂದರ್ಭವೂ ಒದಗಿ ಬಂತು. 1972ಕ್ಕೆ ಸಂತ ತೋಮಸರ ರಕ್ತಸಾಕ್ಷಿ ಮರಣದ ಹತ್ತೊಂಬತ್ತನೆಯ ಶತಮಾನೋತ್ಸವ. 1964ರ ಡಿಸೆಂಬರಿನಲ್ಲಿ ಪೋಪ್ ಆರನೆಯ ಪೌಲ್ ಬೊಂಬಾಯಿಗೆ ಬಂದಾಗಲೇ ಅಂಚೆ ಇಲಾಖೆ ತೋಮಸರ ಚೀಟಿ ಹೊರಡಿಸಿತ್ತು. 1973ರಲ್ಲಿ ಮತ್ತೊಂದು ಚೀಟಿ ಬಂತು. ಆಗ ಮದ್ರಾಸ್-ಮೈಲಾಪುರದ ಮಹಾಧರ್ಮಾಧ್ಯಕ್ಷರಾಗಿದ್ದವರು ಆರ್. ಅರುಳಪ್ಪ. ಈ ಶತಮಾನೋತ್ಸವದ ನೆನಪಿಗೆಂದೇ 1971ರಲ್ಲಿ ಚಿನ್ನಮಲೈಯ ದುಂಡು ದೇವಾಲಯ ಎದ್ದಿತು.

ಮೈಲಾಪುರದ ಸಾಂತೋಮಿನಲ್ಲಿ ತೋಮಸರ ಸಮಾಧಿಯ ಮೇಲಿದ್ದ ಪೋರ್ಚುಗೀಸ್ ಚರ್ಚನ್ನು ಬ್ರಿಟಿಷರ ಕಾಲದಲ್ಲಿ ತೆಗೆದು, 1896ರ ಹೊತ್ತಿಗೆ ಈಗಿನ ಬಿಳಿಯ ಗೋಥಿಕ್ ಮಹಾದೇವಾಲಯ ಕಟ್ಟಿದ್ದರು. ಅಲ್ಲಿ ಹಳತನ್ನು ಅಳಿಸಿ ಹೊಸತು ಬಂತು. ಚಿನ್ನಮಲೈಯಲ್ಲಿ ಗವಿಗೆ ತಾಗಿದ ಪೋರ್ಚುಗೀಸರ ಹಳೆಯ ಗುಡಿ ಚಿಕ್ಕದಾಗಿಯೇ ಉಳಿಯಿತು, ಪಕ್ಕದಲ್ಲಿ ಕಾಂಕ್ರೀಟಿನ ವೃತ್ತ ಬಂತು. ಗವಿ ಒಬ್ಬೊಬ್ಬರೇ ಬಗ್ಗಿ ನುಸುಳುವ ಜಾಗ, ವೃತ್ತ ನೂರಾರು ಜನ ಒಟ್ಟಿಗೆ ಕೂರುವ ಜಾಗ. ಹರಕೆ ಹೊತ್ತವರು ಗವಿಗೆ ಹೋಗುತ್ತಾರೆ, ಪೂಜೆಗೆ ಬಂದವರು ವೃತ್ತಕ್ಕೆ ಹೋಗುತ್ತಾರೆ, ಬಹುತೇಕರು ಎರಡಕ್ಕೂ ಹೋಗುತ್ತಾರೆ. ಒಂದರ ಕೆಲಸವನ್ನು ಇನ್ನೊಂದು ಕಿತ್ತುಕೊಳ್ಳಲಿಲ್ಲ ಎಂಬುದೇ ಈ ಸ್ಥಳದ ದೊಡ್ಡ ಜಾಣತನ.

ಈಗ ಓರಗೆಯವರ ಕಡೆಗೆ ತಿರುಗಬಹುದು.

ಇಂಗ್ಲೆಂಡಿನ ಲಿವರ್‌ಪೂಲಿನ ಕಥೋಲಿಕ ಮಹಾದೇವಾಲಯ ದುಂಡು ಚರ್ಚುಗಳ ಸಾಲಿನಲ್ಲಿ ಹಿರಿಯಣ್ಣ. ನವದೆಹಲಿಯ ಶಿಲ್ಪಿ ಲಚೆನ್ಸ್ 1930ರ ದಶಕದಲ್ಲಿ ಅಲ್ಲಿ ಭಾರಿ ಗುಮ್ಮಟದ ಚರ್ಚಿಗೆ ನಕ್ಷೆ ಹಾಕಿದ್ದ. ಯುದ್ಧವೂ ಹಣದ ಅಭಾವವೂ ಸೇರಿ ನೆಲಮಾಳಿಗೆಗೇ ಅದು ನಿಂತುಹೋಯಿತು. ಅದರ ಪಕ್ಕದಲ್ಲಿ ಫ್ರೆಡರಿಕ್ ಗಿಬ್ಬರ್ಡ್ 1962ರಿಂದ 1967ರವರೆಗೆ, ಐದೇ ವರ್ಷದಲ್ಲಿ, ಹದಿನಾರು ಕಾಂಕ್ರೀಟ್ ಕಾಲುಗಳ ಮೇಲೆ ಡೇರೆಯಂಥ ವೃತ್ತ ಎಬ್ಬಿಸಿದ. ಬೇಗ ಮತ್ತು ಅಗ್ಗ ಎಂದು ಎಲ್ಲರೂ ಹೊಗಳಿದರು. ಬೇಗನೇ ಸೋರಿತು. ಮೇಲಂಟಿಸಿದ ಹರಳುಬಿಲ್ಲೆಗಳು ಉದುರತೊಡಗಿದವು. ಚರ್ಚಿನವರು ಶಿಲ್ಪಿಯ ಮೇಲೆ 13 ಲಕ್ಷ ಪೌಂಡಿನ ದಾವೆ ಹೂಡುವ ತನಕ ಹೋಯಿತು. ಆದರೂ ಅದನ್ನು ಯಾರೂ ಕೆಡವಲಿಲ್ಲ. ಐರಿಷ್ ಮೂಲದ ಕಥೋಲಿಕರು ತುಂಬಿದ ಊರು, ಚಾವಣಿಯನ್ನು ಬದಲಿಸಿ ಮುಂದುವರಿಸಿದರು.

ಸ್ಕಾಟ್ಲೆಂಡಿನ ಕಾರ್ಡ್ರಾಸ್ ಗ್ರಾಮದ ಸಂತ ಪೇತ್ರರ ಗುರುಮಠಕ್ಕೆ ಆ ಭಾಗ್ಯ ಇರಲಿಲ್ಲ. ಪಾದ್ರಿಗಳಾಗಲು ಓದುವ ನೂರು ಹುಡುಗರಿಗಾಗಿ ಗ್ಲಾಸ್ಗೋದ ಧರ್ಮಪ್ರಾಂತ್ಯ ಕಟ್ಟಿಸಿದ ಆ ಕಟ್ಟಡ ಇಪ್ಪತ್ತನೆಯ ಶತಮಾನದ ಸ್ಕಾಟ್ಲೆಂಡಿನ ಅತಿ ದೊಡ್ಡ ಶಿಲ್ಪಸಾಹಸ. ಅದನ್ನು ಕಲ್ಪಿಸಿದ ಇಬ್ಬರು ತರುಣರಲ್ಲಿ ಐಸಿ ಮೆಟ್ಜ್‌ಸ್ಟೈನ್ ಬರ್ಲಿನ್ನಿನ ಯಹೂದಿ. ನಾಜಿಗಳಿಂದ ತಪ್ಪಿಸಿ 1939ರಲ್ಲಿ ಬ್ರಿಟನ್ನಿಗೆ ಕಳಿಸಿದ ಸಾವಿರಾರು ಮಕ್ಕಳಲ್ಲಿ ಅವನೂ ಒಬ್ಬ. ಇನ್ನೊಬ್ಬ ಆಂಡಿ ಮ್ಯಾಕ್‌ಮಿಲನ್. ಊಟದ ಮನೆ ಮತ್ತು ಪ್ರಾರ್ಥನಾಲಯದ ಮೇಲೆ ಮೆಟ್ಟಿಲುಮೆಟ್ಟಿಲಾಗಿ ಒಳಬಾಗುವ ಕೋಣೆಗಳ ಸಾಲು, ಮೇಲಿನಿಂದ ಇಳಿದು ಬಲಿಪೀಠವನ್ನು ತೋಯಿಸುವ ಬೆಳಕು. 1961ರಲ್ಲಿ ಕೆಲಸ ಶುರುವಾಗಿ 1966ರ ನವೆಂಬರ್ 30ರಂದು ಬಾಗಿಲು ತೆರೆಯಿತು. ಮರುವರ್ಷವೇ ಬ್ರಿಟಿಷ್ ವಾಸ್ತುಶಿಲ್ಪಿಗಳ ಸಂಸ್ಥೆಯ ಪ್ರಶಸ್ತಿ ಬಂತು.

ಬಾಗಿಲು ತೆರೆಯುವಷ್ಟರಲ್ಲೇ ಅದರ ಕಾಲ ಮುಗಿದಿತ್ತು. ದುಂಡು ಚರ್ಚುಗಳಿಗೆ ಜೀವ ಕೊಟ್ಟ ಅದೇ ಮಹಾಸಭೆ, ಗುರುವಿದ್ಯಾರ್ಥಿಗಳು ಕಾಡಿನ ಮಠದಲ್ಲಿ ಅಲ್ಲ, ಜನರ ನಡುವೆ ಬೆಳೆಯಬೇಕು ಎಂಬ ದಿಕ್ಕಿಗೆ ತಿರುಗಿತ್ತು. ಪಾದ್ರಿಗಳಾಗಲು ಬರುವ ಹುಡುಗರೂ ಕಡಿಮೆಯಾದರು. ಕಟ್ಟಡ ಒಮ್ಮೆಯೂ ತುಂಬಲಿಲ್ಲ. ಮಳೆ ಸುರಿಯುವ ಆ ನಾಡಿನಲ್ಲಿ ಚಪ್ಪಟೆ ಚಾವಣಿ ಸೋರಿತು, ಬೆಚ್ಚಗಿಡಲು ಸುರಿದ ದುಡ್ಡಿಗೆ ಲೆಕ್ಕವಿರಲಿಲ್ಲ. 1980ರಲ್ಲಿ, ಹದಿನಾಲ್ಕು ವರ್ಷ ತುಂಬುವ ಮೊದಲೇ, ಗುರುಮಠ ಮುಚ್ಚಿತು. ಕೆಲವು ವರ್ಷ ಮಾದಕವ್ಯಸನಿಗಳ ಆರೈಕೆ ಕೇಂದ್ರವಾಗಿತ್ತು. ಬಳಿಕ ಪುಂಡರು ಬಂದು ಗಾಜು ಒಡೆದರು, ಮರಗೆಲಸಕ್ಕೆ ಬೆಂಕಿ ಇಟ್ಟರು. 1992ರಲ್ಲಿ ಸರ್ಕಾರ ಅದನ್ನು ಅತ್ಯುನ್ನತ ದರ್ಜೆಯ ರಕ್ಷಿತ ಕಟ್ಟಡ ಎಂದು ಘೋಷಿಸಿತು. 2005ರಲ್ಲಿ ಪತ್ರಿಕೆಯೊಂದರ ಮತದಾನದಲ್ಲಿ ಯುದ್ಧಾನಂತರದ ಸ್ಕಾಟ್ಲೆಂಡಿನ ಶ್ರೇಷ್ಠ ಆಧುನಿಕ ಕಟ್ಟಡ ಎನ್ನಿಸಿಕೊಂಡಿತು. ಶ್ರೇಷ್ಠ ಎಂದು ಎಲ್ಲರೂ ಒಪ್ಪಿದ ಕಟ್ಟಡಕ್ಕೆ ಆ ಹೊತ್ತಿಗೆ ಮುಚ್ಚುವ ಬಾಗಿಲೊಂದೂ ಇರಲಿಲ್ಲ. ಕೊನೆಗೆ 2020ರಲ್ಲಿ ಧರ್ಮಪ್ರಾಂತ್ಯ ಅದನ್ನು ಒಂದು ಟ್ರಸ್ಟಿಗೆ ದಾನ ಕೊಟ್ಟು ಕೈತೊಳೆದುಕೊಂಡಿತು.

ವಾಷಿಂಗ್ಟನ್ನಿನದು ಇದಕ್ಕಿಂತ ಚಿಕ್ಕ ಕಥೆ, ಆದರೆ ಹೆಚ್ಚು ಕಸಿವಿಸಿಯದು. ಕ್ರಿಶ್ಚಿಯನ್ ಸೈನ್ಸ್ ಪಂಥದವರಿಗಾಗಿ ಅದನ್ನು ರೂಪಿಸಿದವನು ವಾಸ್ತುಶಿಲ್ಪಿ ಐ.ಎಂ. ಪೇ ಕಚೇರಿಯ ಅರಾಲ್ಡೊ ಕೊಸ್ಸುಟ್ಟಾ. ನಾನೂರರಷ್ಟು ಆಸನದ ಸಭಾಂಗಣಕ್ಕೆ ಕೊನೆಕೊನೆಗೆ ಬರುತ್ತಿದ್ದವರು ಐವತ್ತು ಅರವತ್ತು ಜನ. ಎತ್ತರದ ಚಾವಣಿಯ ಬಲ್ಬು ಬದಲಿಸಲು ಅಟ್ಟಣೆ ಕಟ್ಟಬೇಕು, ಅದಕ್ಕೇ ಸಾವಿರಾರು ಡಾಲರ್. ಬಂದವರು ಕಟ್ಟಡವನ್ನು ಕೆಡವಿ ಸಣ್ಣದು ಕಟ್ಟಿಕೊಳ್ಳಬೇಕೆಂದರು. ಬಾರದವರು, ಅಂದರೆ ನಗರದ ಶಿಲ್ಪಪ್ರೇಮಿಗಳು, ಅದು ಪರಂಪರೆ, ಮುಟ್ಟಬೇಡಿ ಎಂದರು. 2007ರಲ್ಲಿ ಪರಂಪರೆಯ ಪಟ್ಟ ಬಂತು. ಧಾರ್ಮಿಕ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಸಭೆಯವರು ಕೋರ್ಟಿಗೆ ಹೋದರು. 2009ರಲ್ಲಿ ಕೆಡವಲು ಒಪ್ಪಿಗೆ ಸಿಕ್ಕಿತು, 2014ರಲ್ಲಿ ಕೆಡವಿಯೂ ಆಯಿತು. ಅಲ್ಲೀಗ ಕಚೇರಿ ಕಟ್ಟಡವಿದೆ, ಅದರ ಒಂದು ಭಾಗದಲ್ಲಿ ಅದೇ ಸಭೆಯವರಿಗೆ ಪ್ರಾರ್ಥನೆಗೆ ಜಾಗವಿದೆ. ಈ ಜಗಳದಲ್ಲಿ ಯಾರು ಸರಿ ಎಂದು ಕೇಳಿದರೆ, ಭಾನುವಾರ ಬೆಂಚಿನ ಮೇಲೆ ಕೂರುವವರದೇ ಸರಿ ಎನ್ನಬೇಕಾಗುತ್ತದೆ. ಪ್ರೇಮಿಗಳಲ್ಲಿ ಯಾರೂ ಬಲ್ಬಿನ ದುಡ್ಡು ಕೊಡಲು ಮುಂದೆ ಬರಲಿಲ್ಲ.

ಕಾಂಕ್ರೀಟಿನ ಚರ್ಚುಗಳಿಗೆ ಮಾತ್ರ ಹೀಗೆ ಆಗುತ್ತದೆ ಎಂದುಕೊಳ್ಳುವಂತಿಲ್ಲ. ಹಾಸನದ ಹತ್ತಿರದ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚು ಅಚ್ಚುಕಟ್ಟಾದ ಗೋಥಿಕ್; ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಊರವರ ಮಾತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು ಹಿನ್ನೀರು ಏರಿತು, ಊರು ಎತ್ತರಕ್ಕೆ ಸರಿಯಿತು, ಚರ್ಚು ಅಲ್ಲೇ ನಿಂತಿತು. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಅದನ್ನು ನೋಡಲು ಬೆಂಗಳೂರಿನಿಂದ ಕಾರುಗಳು ಬರುತ್ತವೆ, ಮದುವೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಕೆಲವು ವರ್ಷಗಳಿಂದ ಗೋಡೆಯ ಭಾಗಗಳು ಕಳಚಿ ಬೀಳುತ್ತಿವೆ. ನೋಡುವವರು ಬಹಳ, ಪ್ರಾರ್ಥಿಸುವವರು ಇಲ್ಲ.

ಮಹಾಸಭೆಯ ಬಳಿಕ ಭಾರತದ ಚರ್ಚು ಯಾವ ರೂಪ ತಾಳಬೇಕೆಂಬ ಹುಡುಕಾಟ ಬೇರೆ ದಾರಿಗಳನ್ನೂ ಹಿಡಿದಿತ್ತು. ಬೆಂಗಳೂರಿನಲ್ಲಿ 1967ರಲ್ಲಿ ಡಿ.ಎಸ್. ಅಮಲೋರ್ಪವದಾಸ್ ಸ್ಥಾಪಿಸಿದ ರಾಷ್ಟ್ರೀಯ ಬೈಬಲ್ ಮತ್ತು ಧರ್ಮಶಿಕ್ಷಣ ಕೇಂದ್ರದಲ್ಲಿ ದೇವಸ್ಥಾನದ ರೂಪ, ಆರತಿ, ನೆಲದ ಮೇಲೆ ಕೂತ ಪೂಜೆ ಮೊದಲಾದವನ್ನು ಪ್ರಯೋಗಿಸಿದರು. ಹೊಗಳಿಕೆಯೂ ಬಂತು, ಇದೇನು ಹಿಂದೂ ಗುಡಿಯೇ ಎಂಬ ಬೈಗುಳವೂ ಬಂತು. ಮುಂಬಯಿಯ ದಾದರಿನಲ್ಲಿ ಪೋರ್ಚುಗೀಸರ ಕಾಲದ ಹಳೆಯ ಚರ್ಚಿನ ಜಾಗದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1970ರ ದಶಕದಲ್ಲಿ ಅಂಗಳಗಳ ನಡುವೆ ಕಾಂಕ್ರೀಟಿನ ಚಿಪ್ಪುಗಳನ್ನು ಹರಡಿದ, ಎಂ.ಎಫ್. ಹುಸೇನ್ ಅದಕ್ಕೆ ಚಿತ್ರ ಬರೆದರು. ದಾದರಿನದೂ ಚಿನ್ನಮಲೈಯದೂ ಒಂದು ರೀತಿಯಲ್ಲಿ ಜೋಡಿ. ಕೊರಿಯಾನದು ಲೋಕದ ವಾಸ್ತುಪುಸ್ತಕಗಳಲ್ಲಿದೆ. ಚಿನ್ನಮಲೈಯದು ಪ್ರವಾಸಿ ಕೈಪಿಡಿಗಳಲ್ಲಿ ಅರ್ಧ ವಾಕ್ಯ, ಅದೂ ಗವಿಯ ವರ್ಣನೆ ಮುಗಿದ ಮೇಲೆ.

ಆ ಅರ್ಧ ವಾಕ್ಯದಲ್ಲಿ ಸಣ್ಣ ತಾತ್ಸಾರವೂ ಇರುತ್ತದೆ. ಹಳೆಯ ಪೋರ್ಚುಗೀಸ್ ಗುಡಿಯ ಪಕ್ಕ ಈ ಕಾಂಕ್ರೀಟೇಕೆ ಎಂಬ ಧಾಟಿ. ಇದು ನ್ಯಾಯವಲ್ಲ. ಪಾಸ್ಕ ಹಬ್ಬದ ಕೆಲವು ವಾರಗಳ ಬಳಿಕ ನಡೆಯುವ ಆರೋಗ್ಯಮಾತೆಯ ಉತ್ಸವಕ್ಕೆ ಬಂದು ನೋಡಿದರೆ, 1551ರ ಪುಟ್ಟ ಗುಡಿಗೆ ಆ ಜನರನ್ನು ಹೊರುವುದು ಸಾಧ್ಯವೇ ಇರಲಿಲ್ಲ ಎಂಬುದು ಹೊಳೆಯುತ್ತದೆ. ಹೊಸ ಕಟ್ಟಡ ಭಾರ ಹೊತ್ತದ್ದರಿಂದಲೇ ಹಳೆಯದು ಹಿಗ್ಗಿಸಿಕೊಳ್ಳದೆ, ಒಡೆಸಿಕೊಳ್ಳದೆ ಉಳಿಯಿತು. ಆಚೆಯ ಹೊಳೆಯ ಮೇಲೆ ಉಸ್ಕಾನನ ಸೇತುವೆಗೆ ಇಂಥ ತಮ್ಮನೊಬ್ಬ ಪಕ್ಕದಲ್ಲಿ ಹುಟ್ಟಿದ್ದರೆ ಅದೂ ಉಳಿಯುತ್ತಿತ್ತೇನೋ.

ಬರುವ ಜನರಲ್ಲಿ ಕಥೋಲಿಕರು ಮಾತ್ರ ಇಲ್ಲ. ಆರೋಗ್ಯಮಾತೆ ಎಂಬ ಹೆಸರೇ ಸಾಕು, ಮಗುವಿಗೆ ಜ್ವರ ಬಂದ ಯಾರೇ ಆದರೂ ಬರುತ್ತಾರೆ. ವೇಲಾಂಗಣ್ಣಿಗೆ ಹೋಗುವಂತೆ, ಬೆಂಗಳೂರಿನ ಶಿವಾಜಿನಗರದ ಮರಿಯಮ್ಮನ ಜಾತ್ರೆಗೆ ಹೋಗುವಂತೆ. 2016ರ ಸೆಪ್ಟೆಂಬರ್ 21ರಂದು ವಿಮಾನ ನಿಲ್ದಾಣದಿಂದ ಚಿನ್ನಮಲೈಯವರೆಗೆ ಮೆಟ್ರೊ ಓಡತೊಡಗಿತು. 2018ರಲ್ಲಿ ಹಳಿ ಮುಂದುವರಿಯುವ ತನಕ ಆ ಮಾರ್ಗಕ್ಕೆ ಇದೇ ಕೊನೆಯ ನಿಲ್ದಾಣ. ಕಾರ್ಡ್ರಾಸಿನಿಂದ ಜನ ದೂರ ಸರಿದರು, ಶೆಟ್ಟಿಹಳ್ಳಿಯಿಂದ ಊರೇ ಸರಿಯಿತು; ಚಿನ್ನಮಲೈಗೆ ಮಾತ್ರ ನಗರ ತಾನಾಗಿ ನಡೆದುಕೊಂಡು ಬಂತು.

ಇಷ್ಟರಿಂದ ನಿಶ್ಚಿಂತೆಯಾಗಿ ಕೂರುವಂತಿಲ್ಲ. ಕಾಂಕ್ರೀಟಿಗೆ ಭಕ್ತಿ ಗೊತ್ತಿಲ್ಲ. ಒಳಗಿನ ಉಕ್ಕಿನ ಸರಳನ್ನು ಸಿಮೆಂಟಿನ ಕ್ಷಾರಗುಣ ಕಾಪಾಡುತ್ತಿರುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲಾಮ್ಲ ಒಳಗಿಳಿದು ಆ ಗುಣವನ್ನು ಕೊಲ್ಲುತ್ತದೆ. ಸಮುದ್ರದ ಉಪ್ಪು ಅದಕ್ಕೆ ಕೈಜೋಡಿಸುತ್ತದೆ. ಗಿಂಡಿಯಿಂದ ಬಂಗಾಳ ಕೊಲ್ಲಿ ಕೆಲವೇ ಕಿಲೋಮೀಟರ್. ಸರಳು ತುಕ್ಕು ಹಿಡಿದು ಉಬ್ಬಿದರೆ ಮೇಲಿನ ಪದರ ಸೀಳಿ ಬೀಳುತ್ತದೆ. 1960-70ರ ದಶಕಗಳಲ್ಲಿ ಸರಳಿನ ಮೇಲೆ ತೆಳುವಾಗಿ ಕಾಂಕ್ರೀಟು ಬಿಡುವುದು ಮಾಮೂಲಾಗಿತ್ತು. ಈಗಿನ ನಿಯಮಗಳು ಕಡಲತೀರಕ್ಕೆ ಬೇರೆಯೇ ದಪ್ಪ ಕೇಳುತ್ತವೆ. ಮೇಲೆ ಬಣ್ಣ ಬಳಿದರೆ ಬಿರುಕು ಕಾಣುವುದಿಲ್ಲ, ಅಷ್ಟೇ. ಹಬ್ಬಕ್ಕೆ ಮೊದಲು ಬಣ್ಣ ಬಳಿಯುವುದು ನಮ್ಮ ಎಲ್ಲ ದೇವಾಲಯಗಳ ಸಂಪ್ರದಾಯ, ಹಾಗಾಗಿ ಈ ಮಾತು ಎಲ್ಲ ಆಡಳಿತ ಮಂಡಳಿಗಳಿಗೂ ಸಲ್ಲುತ್ತದೆ.

ಕಾನೂನಿನ ಆಸರೆಯೂ ಇಂಥ ಕಟ್ಟಡಗಳಿಗೆ ಇಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ ಕನಿಷ್ಠ ನೂರು ವರ್ಷ ಬೇಕು. ದೆಹಲಿಯ ಪ್ರಗತಿ ಮೈದಾನದಲ್ಲಿ 1972ರಲ್ಲಿ ರಾಜ್ ರೇವಾಲ್ ಮತ್ತು ಇಂಜಿನಿಯರ್ ಮಹೇಂದ್ರ ರಾಜ್ ಕಟ್ಟಿದ ಹಾಲ್ ಆಫ್ ನೇಷನ್ಸ್ ಜಗತ್ತೇ ಮೆಚ್ಚಿದ ಕಾಂಕ್ರೀಟ್ ರಚನೆ. ಅರವತ್ತು ವರ್ಷ ತುಂಬದ ಕಟ್ಟಡಕ್ಕೆ ಪರಂಪರೆಯ ಮಾನ್ಯತೆ ಇಲ್ಲ ಎಂಬ ನಿಲುವಿನ ಮುಂದೆ ಯಾರ ಮನವಿಯೂ ನಡೆಯಲಿಲ್ಲ. 2017ರ ಏಪ್ರಿಲ್‌ನಲ್ಲಿ ಅದನ್ನು ಉರುಳಿಸಿದರು. ಆ ಲೆಕ್ಕದಲ್ಲಿ ಚಿನ್ನಮಲೈಯ ವೃತ್ತಕ್ಕೆ ಅರವತ್ತು ತುಂಬುವುದು 2031ಕ್ಕೆ.

ಅಷ್ಟರೊಳಗೆ ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕಟ್ಟಡದ ಅಳತೆ ತೆಗೆದು ನಕ್ಷೆ ಬರೆಯಬೇಕು; ಗಿಂಡಿಯ ವಾಸ್ತುಶಿಲ್ಪ ಶಾಲೆಯ ಒಂದು ತರಗತಿಗೆ ಇದು ಒಂದು ಅವಧಿಯ ಅಭ್ಯಾಸ. ಸರಳಿನ ಸ್ಥಿತಿಯನ್ನು ಉಪಕರಣ ಹಿಡಿದು ನೋಡಿಸಬೇಕು. ಕಾಂಕ್ರೀಟಿನ ರೋಗ ತಿಳಿದವರು ಐಐಟಿಯಲ್ಲೂ ತರಮಣಿಯ ಸಂಶೋಧನಾ ಕೇಂದ್ರದಲ್ಲೂ ಇದ್ದಾರೆ, ಅವರನ್ನು ಕರೆಯಲು ಬೇರೆ ಊರಿಗೆ ಹೋಗಬೇಕಿಲ್ಲ. ಹಬ್ಬದ ಕಾಣಿಕೆಯಲ್ಲಿ ಒಂದು ಪಾಲನ್ನು ದುರಸ್ತಿಗೆಂದೇ ಬೇರೆ ಖಾತೆಯಲ್ಲಿಡಬೇಕು, ಹೂವಿನ ಅಲಂಕಾರಕ್ಕೆ ಅದನ್ನು ಮುಟ್ಟಬಾರದು. 1971ರಲ್ಲಿ ಗುಡ್ಡದ ಮೇಲೆ ಕಲ್ಲು ಹೊತ್ತವರು, ಸೆಂಟ್ರಿಂಗ್ ಕಟ್ಟಿದವರು, ಮೊದಲ ಪೂಜೆಗೆ ಬಂದವರು ಇನ್ನೂ ಕೆಲವರಾದರೂ ನಮ್ಮ ನಡುವೆ ಇದ್ದಾರೆ. ಅವರ ಮನೆಗಳಲ್ಲಿ ಆ ದಿನಗಳ ಫೋಟೋ, ಆಮಂತ್ರಣ ಪತ್ರ, ಖರ್ಚಿನ ಚೀಟಿ, ಏನೇ ಇದ್ದರೂ ಒಂದು ನಕಲನ್ನು ಚಿನ್ನಮಲೈಯ ಧರ್ಮಕೇಂದ್ರದ ಕಚೇರಿಗೆ ತಲುಪಿಸಬೇಕೆಂದು ಓದುಗರಲ್ಲಿ ಕೋರಿಕೆ.